ಅತ್ತಿಗೆಯ ಬಿ.ಪಿ. ಯಾರೂ ನೋಡಲಿಲ್ಲ

ನಮ್ಮ ಅಪ್ಪ ತಿ. ನರಸೀಪುರದ ನಮ್ಮ ಗೊಬ್ಬರದ ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಬಿತ್ತನೆ ಭತ್ತ ತೋರಿಸುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಮತ್ತೆ ಏಳಲಿಲ್ಲ. ಆಗ ಅಣ್ಣ ಕಾಲೇಜಿನಲ್ಲಿದ್ದ, ನಾನು ಹೈಸ್ಕೂಲಿನಲ್ಲಿ. ಅಣ್ಣ ಓದು ಬಿಟ್ಟು ಅಂಗಡಿಯಲ್ಲಿ ಕುಳಿತ. ಕೆಲವು ವರ್ಷಗಳ ಮೇಲೆ ಹೆಡತಲೆ ಅನ್ನುವ ಊರಿನಿಂದ ಅತ್ತಿಗೆ ಮದುವೆಯಾಗಿ ಬಂದಳು. ನನಗಿಂತ ಸ್ವಲ್ಪವೇ ದೊಡ್ಡವಳಾದ್ದರಿಂದ ನಮ್ಮಿಬ್ಬರದು ಮೊದಲಿನಿಂದಲೂ ಏಕವಚನ. ನಾನು ಮದುವೆಯಾಗಿ ನಂಜನಗೂಡಿಗೆ ಬಂದೆ, ಇಲ್ಲಿಯ ಶಾಲೆಯೊಂದರಲ್ಲಿ ಟೀಚರಾದೆ. ಅಮ್ಮನೂ ಹೋದ ಮೇಲೆ ತವರು ಅಂದರೆ ನನಗೆ ಅತ್ತಿಗೆಯೇ. ಅಣ್ಣ ಅತ್ತಿಗೆಗೆ ಮಕ್ಕಳಾಗಲಿಲ್ಲ. ಅದರ ದುಃಖವನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ.

ಅಣ್ಣನಿಗೆ ಐವತ್ತು ಹತ್ತಿರವಾಗುತ್ತಿದ್ದಾಗ ಒಂದು ದಿನ ಅಂಗಡಿಯಲ್ಲಿ ತಲೆ ಸುತ್ತಿ ಬಂತು. ತೋರಿಸಿದರೆ ಬಿ.ಪಿ. ವಿಪರೀತ ಏರಿತ್ತು, ಕೊಲೆಸ್ಟ್ರಾಲೂ ಹೆಚ್ಚಿತ್ತು. ಅವನ ಜೊತೆ ಅತ್ತಿಗೆಯೂ ನಾನೂ ಹೋಗಿದ್ದೆವು. ಅಪ್ಪ ಸತ್ತ ವಿಷಯ ಕೇಳಿದ ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅಣ್ಣನ ಮುಖ ನೋಡಿದರು.

"ಈ ಮಾತ್ರೆಗಳು ಬರೀ ತಲೆಸುತ್ತು ಇಳಿಸೋಕಲ್ಲ. ಮುಂದೆ ಹಾರ್ಟ್ ಅಟ್ಯಾಕ್ ಆಗದ ಹಾಗೆ ನೋಡ್ಕೊಳ್ಳೋಕೆ. ಚೆನ್ನಾಗಿದ್ದೀನಲ್ಲ ಅಂತ ನೀವಾಗಿ ನಿಲ್ಲಿಸಬೇಡಿ. ಸಿಗರೇಟು ಪೂರ್ತಿ ಬಿಡಬೇಕು. ಉಪ್ಪು, ಕರಿದದ್ದು ಕಮ್ಮಿ ಮಾಡಿ. ದಿನಾ ನಡೀರಿ."

ನನ್ನ ತೋಳಿಗೂ ಪಟ್ಟಿ ಸುತ್ತಿ ನೋಡಿದರು. ಒಂದೇ ತಂದೆಯ ಮಕ್ಕಳಲ್ಲವೇ. ನನ್ನದು ನಾರ್ಮಲ್ ಇತ್ತು. ಅತ್ತಿಗೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ಯಾವ ಮಾತ್ರೆ ಬೆಳಿಗ್ಗೆ, ಯಾವುದು ರಾತ್ರಿ ಅಂತ ಕೇಳಿಕೊಳ್ಳುತ್ತಿದ್ದಳು.

ಅಣ್ಣ ಬದುಕಿದ್ದು ಅವಳಿಂದ. ಸಿಗರೇಟು ಬಿಟ್ಟ ಮೊದಲ ದಿನಗಳಲ್ಲಿ ಅವನು ಕಂಡಕಂಡವರ ಮೇಲೆ ರೇಗುತ್ತಿದ್ದ. ಅವಳು ಎದುರು ಮಾತಾಡದೆ ಅವನ ಅಂಗಿ ಜೇಬಿಗೆ ಏಲಕ್ಕಿ, ಲವಂಗ ಹಾಕಿ ಕಳಿಸುತ್ತಿದ್ದಳು. ಕೋಡುಬಳೆ, ನಿಪ್ಪಟ್ಟಿನ ಡಬ್ಬಗಳು ಅಟ್ಟ ಸೇರಿದವು. ಉಪ್ಪು ಕಡಿಮೆಯಾದ ಸಾರಿಗೆ ನಿಂಬೆಹುಳಿ, ಮೆಣಸು, ಕೊತ್ತಂಬರಿ ಹಾಕಿ ರುಚಿ ಕಟ್ಟುವುದನ್ನು ಕಲಿತಳು. ಬೆಳಗಾಗುತ್ತಲೇ ಅವನನ್ನು ಎಬ್ಬಿಸಿ ನದಿ ಸಂಗಮದ ಕಡೆಗೆ ನಡೆಯಲು ಅಟ್ಟುತ್ತಿದ್ದಳು. ನೀನೂ ಹೋಗು ಅಂದರೆ, "ನಾನೂ ಒಂಟೋದ್ರೆ ಮುದ್ದೆಗೆ ಎಸರು ಯಾರ್ ಇಡ್ತಾರೆ?" ಅಂತ ನಗುತ್ತಿದ್ದಳು.

ಆದರೆ ಆ ಸಪ್ಪೆ ಸಾರು ಅವಳ ಗಂಟಲಿಗೆ ಇಳಿಯುತ್ತಿರಲಿಲ್ಲ. ಅಣ್ಣ ಉಂಡು ಎದ್ದ ಮೇಲೆ ಉಪ್ಪಿನಕಾಯಿ ಜಾಡಿ ಹತ್ತಿರ ಎಳೆದುಕೊಂಡು ಒಬ್ಬಳೇ ಊಟಕ್ಕೆ ಕೂರುತ್ತಿದ್ದಳು. ನಾನು ಒಮ್ಮೆ ಗದರಿದೆ.

"ನಂಗೇನಾಯ್ತದೆ ಬುಡು," ಅಂದಳು. "ಎದೆ ಕಾಯ್ಲೆ ನಿಮ್ ವಂಶುಕ್ಕೆ ಇರಾದು. ನಮ್ಮಟ್ಟೀಲಿ ಯಾರ್ಗೂ ಇಲ್ಲ ಕಣಮ್ಮ."

ನಾವೆಲ್ಲ ಅದನ್ನೇ ನಂಬಿಕೊಂಡಿದ್ದೆವು. ನಮ್ಮ ಮನೆಯಲ್ಲಿ ಆ ಕಾಯಿಲೆ ಅಪ್ಪನಿಂದ ಅಣ್ಣನಿಗೆ ಬರುವಂಥದ್ದು, ಹೊರಗಿನಿಂದ ಬಂದ ಸೊಸೆಗೆ ಅದರ ದಾರಿಯೇ ಗೊತ್ತಿಲ್ಲ ಅನ್ನುವ ಹಾಗೆ.

ಹೋದ ಬೇಸಿಗೆಯಲ್ಲಿ ನಾನು ಹೋದಾಗ ಅತ್ತಿಗೆ ಬಟ್ಟೆ ಒಣಹಾಕಲು ತಾರಸಿಗೆ ಹೋಗುತ್ತಾ ಮೆಟ್ಟಿಲ ನಡುವೆ ಬಕೆಟ್ ಇಟ್ಟು ಕೂತುಬಿಟ್ಟಳು. ಬೆನ್ನು ಹಿಡಿದಂತಾಗಿ ಮೇಲುಸಿರು ಬರುತ್ತಿತ್ತು. "ಗ್ಯಾಸು," ಅಂದಳು. ದವಡೆಯೂ ನೋಯುತ್ತದೆ ಅಂದಳು. ಅದಕ್ಕೆ ಲವಂಗ ಇಟ್ಟುಕೊಂಡಿದ್ದಳು. ಹಲ್ಲಿನ ಡಾಕ್ಟರಿಗೆ ತೋರಿಸೋಣ ಅಂತ ಮೂವರೂ ಮಾತಾಡಿಕೊಂಡೆವು. ಎದೆ ನೋವು ಅಂದರೆ ಅಪ್ಪನ ಹಾಗೆ ಎದೆ ಹಿಡಿದುಕೊಂಡು ಬೀಳುವುದು ಅಂತಷ್ಟೇ ನಮಗೆ ಗೊತ್ತಿದ್ದದ್ದು.

ಅದಾದ ಮೇಲೆ ಹೆಚ್ಚು ದಿನ ಕಳೆಯಲಿಲ್ಲ. ಬೆಳಿಗ್ಗೆ ಎದ್ದಾಗಲೇ ಅವಳಿಗೆ ಮೈಯೆಲ್ಲ ಬೆವರಿ ವಾಂತಿಯಾಗಿತ್ತಂತೆ. ಜೀರಿಗೆ ಕಷಾಯ ಕುಡಿದು ತಿಂಡಿ ಮಾಡಿದಳು. ಅಣ್ಣನಿಗೆ ಮಾತ್ರೆ ಕೊಟ್ಟು, ನೀರಿನ ಲೋಟ ಹಿಡಿದು ನಿಂತು ನುಂಗಿಸಿದಳು. ಅವನು ಅಂಗಡಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ಮಲಗಿದವಳು ಏಳಲಾಗದೆ ಪಕ್ಕದ ಮನೆಯವರನ್ನು ಕೂಗಿದ್ದಾಳೆ. ಊರಿನ ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿ, ಹಾರ್ಟ್ ಅಟ್ಯಾಕ್, ತಕ್ಷಣ ಮೈಸೂರಿಗೆ ಕರೆದುಕೊಂಡು ಹೋಗಿ ಅಂದರು.

ಅಣ್ಣ ಫೋನಿನಲ್ಲಿ, "ಇವ್ಳನ್ನ ಮೈಸೂರಿಗೆ ಕರ್ಕೊಂಡ್ ಬತ್ತಾ ಇದೀನಿ, ನೀನೂ ಬಾ," ಅಂದ, ಅಷ್ಟೇ. ನಾನು ಶಾಲೆಯಿಂದ ಹಾಗೆಯೇ ಬಸ್ಸು ಹತ್ತಿದೆ. ತಾಂಡವಪುರ ದಾಟುವಾಗ ಮತ್ತೆ ಫೋನ್ ಮಾಡಿದೆ. ಹಿಂದಿನಿಂದ ಅವಳ ದನಿ ಕೇಳಿಸಿತು, ಯಾರದು ಫೋನು ಅಂತ ಕೇಳುತ್ತಿದ್ದಳು. ನಾನು ಕೇಳಿದ ಅವಳ ಕೊನೆಯ ಮಾತು ಅದು.

ಆಸ್ಪತ್ರೆಯ ಬಾಗಿಲಲ್ಲಿ ನಾನು ಕಾಯುತ್ತಿರುವಾಗ ಆಂಬುಲೆನ್ಸ್ ಬಂತು. ಸ್ಟ್ರೆಚರ್ ಜೊತೆಗೆ ಓಡುತ್ತಲೇ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅಣ್ಣನನ್ನು ಕೇಳಿದರು.

"ಇವರಿಗೆ ಬಿ.ಪಿ. ಇತ್ತಾ? ಶುಗರ್? ಏನು ಮಾತ್ರೆ ತಗೊಳ್ತಿದ್ರು?"

ಅಣ್ಣ ಬಾಯಿ ತೆರೆದ. ತನ್ನ ಬಿ.ಪಿ. ಎಷ್ಟು, ಕೊಲೆಸ್ಟ್ರಾಲ್ ಎಷ್ಟು ಅನ್ನುವುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವವನು ಅವನು. "ಗೊತ್ತಿಲ್ಲ ಮೇಡಂ," ಅಂದ. "ಅವಳದ್ದು ಯಾವತ್ತೂ ನೋಡಿಸಿಲ್ಲ."

ಒಳಗೆ ಅವರು ಬಹಳ ಹೊತ್ತು ಪ್ರಯತ್ನ ಮಾಡಿದರು. ಅತ್ತಿಗೆ ಉಳಿಯಲಿಲ್ಲ.

ಕಾರ್ಯ ಮುಗಿದ ಮೇಲೆ ನಾನು ರಜೆ ಹಾಕಿ ಅಣ್ಣನ ಮನೆಯಲ್ಲಿ ಉಳಿದೆ. ಅವನು ಮಾತ್ರೆ ನುಂಗುತ್ತಿರಲಿಲ್ಲ. ವಾಕಿಂಗ್ ನಿಂತಿತ್ತು. ಮಾತ್ರೆ ಕೊಟ್ಟರೆ ಅಂಗೈಯಲ್ಲಿ ಇಟ್ಟುಕೊಂಡು ನೋಡಿ ವಾಪಸು ಕೊಡುತ್ತಿದ್ದ.

"ಯಾವ ಮುಖ ಇಟ್ಕೊಂಡು ನುಂಗ್ಲಿ ಹೇಳು," ಅಂದ ಒಂದು ದಿನ. "ತಿಂಗ್ಳು ತಿಂಗ್ಳು ನನ್ ಜೊತೆ ಬಂದು ಡಾಕ್ಟ್ರ ಮುಂದೆ ಕೂರೋಳು. ಒಂದ್ಸಲ ಇವಳ್ದೂ ನೋಡಿ ಸಾ ಅನ್ನೋಕೆ ನನ್ ಬಾಯಿಗೆ ಏನಾಗಿತ್ತು?"

ಬೇಡಿಕೊಂಡೆ, ಬೈದೆ, ಕಣ್ಣೀರು ಹಾಕಿದೆ. ರಜೆ ಮುಗಿದು ನಂಜನಗೂಡಿಗೆ ವಾಪಸಾದೆ.

ಇಲ್ಲಿಗೆ ಬಂದ ಮೇಲೆ ನನಗೆ ತಲೆಭಾರ ಶುರುವಾಯಿತು. ಅಳುವಿನಿಂದ ಇರಬೇಕು ಅಂದುಕೊಂಡೆ. ಕ್ಲಿನಿಕ್ಕಿಗೆ ಹೋದರೆ ಬಿ.ಪಿ. ಹೆಚ್ಚಿತ್ತು. ಮತ್ತೆ ಬೇರೆ ಬೇರೆ ದಿನ ನೋಡಿದರು, ಇಳಿದಿರಲಿಲ್ಲ. ಅಣ್ಣನ ಜೊತೆ ನೋಡಿಸಿಕೊಂಡಿದ್ದು ಬಿಟ್ಟರೆ ಆಮೇಲೆ ನಾನೂ ಆ ಕಡೆ ತಿರುಗಿರಲಿಲ್ಲ. ಡಾಕ್ಟರು ಮಾತ್ರೆ ಬರೆದರು. ಅಣ್ಣನಿಗೆ ಫೋನಿನಲ್ಲಿ ಹೇಳಿದೆ.

ಮಾರನೆಯ ದಿನ ಮಧ್ಯಾಹ್ನ ಅವನು ನಮ್ಮ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು, ಅಂಗಿ ದೊಗಲೆಯಾಗಿತ್ತು. ಕೂರುವ ಮೊದಲೇ, "ಎಲ್ಲಿ ಮಾತ್ರೆ ತೋರ್ಸು," ಅಂದ. ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ಓದಿದ.

"ದಿನಾ ಒಂದೇ ಹೊತ್ಗೆ ತಗೋ. ಬಿ.ಪಿ. ಇಳೀತು ಅಂತ ಬಿಟ್ಬಿಡ್ಬೇಡ. ಕೆಮ್ಮು, ಕಾಲು ಊತ ಏನಾದ್ರೂ ಬಂದ್ರೆ ಡಾಕ್ಟ್ರಿಗೆ ಹೇಳು, ಬೇರೆ ಬರ್ಕೊಡ್ತಾರೆ. ಉಪ್ಪಿನಕಾಯಿ..." ಅಂದವನು ಅಲ್ಲಿಗೆ ನಿಲ್ಲಿಸಿದ.

"ನಾನು ತಗೊಳ್ತೀನಿ ಅಣ್ಣ. ನೀನು?"

ಅವನು ತಲೆ ಬಗ್ಗಿಸಿದ. ಭುಜ ಕುಲುಕುತ್ತಿತ್ತು. ನನ್ನ ಗಂಡ ಎದ್ದು ಹೊರಗೆ ಹೋದರು. ಅಣ್ಣ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆಣದ ಮುಂದೆಯೂ ಅವನು ಅತ್ತಿರಲಿಲ್ಲ.

"ನೀನೂ ಹೋದ್ರೆ ನಂಗೆ ಇನ್ಯಾರಮ್ಮ ಇದಾರೆ," ಅಂದ.

"ನಂಗೂ ಅಷ್ಟೇ ಅಲ್ವಾ," ಅಂದೆ.

ಅವನ ಮಾತ್ರೆಗಳನ್ನು ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲೇ ಕೊಂಡೆವು. ಬಿಟ್ಟು ದಿನಗಳಾಗಿದ್ದರಿಂದ ಡಾಕ್ಟರನ್ನೂ ಕಂಡು ಕೇಳಿಕೊಂಡು ಬಂದೆವು. ಆ ಸಂಜೆ ಕಪಿಲಾ ನದಿಯ ದಂಡೆಯ ಮೇಲೆ ಇಬ್ಬರೂ ನಿಧಾನವಾಗಿ ನಡೆದೆವು. ಅವನಿಗೆ ಏದುಸಿರು ಬರುತ್ತಿತ್ತು. ಅಲ್ಲಲ್ಲಿ ನಿಂತೆವು.

ಈಗ ಅಣ್ಣ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಾನೆ. ತಾನೇ ಅಡುಗೆ ಮಾಡಿಕೊಳ್ಳುತ್ತಾನೆ, ನಡೆಯುತ್ತಾನೆ. ಭಾನುವಾರಗಳಲ್ಲಿ ನಾನು ಹೋಗುತ್ತೇನೆ, ಇಲ್ಲವೆ ಅವನು ಬರುತ್ತಾನೆ. ಹೋದ ವಾರ ಅವನ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು.

"ಎಲ್ಲಾ ಚೆನ್ನಾಗಿದೆಯಂತೆ," ಅಂತ ಫೋನ್ ಮಾಡಿದ. "ಇಂಗೇ ನೋಡ್ಕೊಂಡ್ರೆ ಇನ್ನೂ ಬಾಳ ವರ್ಷ ಇರ್ತೀರ ಅಂದ್ರು ಡಾಕ್ಟ್ರು."

ಒಳ್ಳೇದಾಯ್ತಲ್ಲ ಅಣ್ಣ ಅಂದೆ. "ಅವ್ಳಿಲ್ದೆ ಬಾಳ ವರ್ಷ," ಅಂದ. ಫೋನು ಇಡಲಿಲ್ಲ. ನಾನೂ ಕಿವಿಗೆ ಹಿಡಿದುಕೊಂಡೇ ಕೂತಿದ್ದೆ.