ಚಂದ್ರನಿಂದ ತಿರುಗಿ ಬಂದವರು

ಗುರುಸಿದ್ದಪ್ಪ ಮಾಸ್ತರರು ಸಿನಿಮಾಕ್ಕೆ ಹೋದರೂ ಬಗಲಲ್ಲಿ ಪುಸ್ತಕ ಹಿಡಿದೇ ಹೋಗುವವರು. ಪರದೆಯ ಮೇಲೆ ಏನೇ ನಡೆಯಲಿ, ಅವರದು ಒಂದೇ ತಕರಾರು: “ಇದು ಪುಸ್ತಕದಾಗ ಐತೇನ್ರಿ?” ಕುಂದಗೋಳದ ಹೈಸ್ಕೂಲಿನಲ್ಲಿ ಅವರು ಭೂಗೋಳ ಕಲಿಸುತ್ತಿದ್ದರು, ನಾನು ಗಣಿತ. ಅವರ ಈ ಗುಣಕ್ಕೆ ನಾವೆಲ್ಲ ನಗುತ್ತಿದ್ದೆವು, ಒಳಗೊಳಗೇ ಅಂಜುತ್ತಲೂ ಇದ್ದೆವು.

ಅವರ ಬಳಿ ಹಳೆಯ ಇಂಗ್ಲಿಷ್ ಕಾದಂಬರಿಯೊಂದಿತ್ತು. ಮೂವರು ತೋಪಿನ ಗುಂಡಿನೊಳಗೆ ಕೂತು ಚಂದ್ರನತ್ತ ಹಾರುವ ಕಥೆ. ದಿನಾ ಸಂಜೆ ಅದನ್ನು ಕನ್ನಡ ಮಾಡಿ ತಾಯಿ ಗಂಗವ್ವನಿಗೆ ಹೇಳುತ್ತಿದ್ದರು. ಅವಳ ಕಿರಿಯ ಮಗ ಈರಣ್ಣ ಮುಂಬೈಯಲ್ಲಿ ಹಡಗು ಹತ್ತಿ ನಾಲ್ಕು ವರ್ಷವಾಗಿತ್ತು, ಒಂದು ಕಾಗದವಿಲ್ಲ. ಕಥೆ ಮುಗಿದಾಗ ಮುದುಕಿ ಕೇಳಿದಳಂತೆ:

“ಹೋದವ್ರು ತಿರುಗಿ ಬಂದ್ರೇನೋ ಗುರುಸಿದ್ದಾ?”

“ಪುಸ್ತಕದಾಗ ಇಲ್ಲ ಯವ್ವಾ. ಅವರು ಹಾರಿದಲ್ಲಿಗೆ ಕತಿ ಮುಗದೈತಿ.”

ಬಂದರು ಅಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಆ ವರ್ಷ ಶಾಲೆಗೆ ಹಳೆಯ ಮೂಕಿ ಚಿತ್ರದ ರೀಲು ಬಂತು, ಅದೂ ಚಂದ್ರಯಾನದ್ದೇ. ಕಿಟಕಿಗಳಿಗೆ ಕಂಬಳಿ ಕಟ್ಟಿ ಶಾಲೆಯ ಸಭಾಂಗಣವನ್ನು ಕತ್ತಲೆ ಮಾಡಿದೆವು. ಯಂತ್ರ ನಡೆಸಿದವನು ನಾನು. ಪರದೆಯ ಪಕ್ಕ ನಿಂತು ವಿವರಿಸಿದವರು ಮಾಸ್ತರರು.

“ಈ ತೋಪು ನನ್ನ ಪುಸ್ತಕದ್ದು ನೋಡ್ರಿ. ಈ ಚಂದ್ರಲೋಕದ ಮಂದಿ ಬ್ಯಾರೆ ಸಾಹೇಬನ ಕಾದಂಬರ್ಯಾಗಿನವರು. ಎರಡೂ ಕಲಸ್ಯಾರ.”

ಕಡೆಗೆ ಗುಂಡು ಸಮುದ್ರಕ್ಕೆ ಬಿತ್ತು. ಹಡಗೊಂದು ಅದನ್ನು ದಂಡೆಗೆ ಎಳೆದು ತಂದಿತು. ಮುಂದಿನ ಸಾಲಿನಲ್ಲಿದ್ದ ಗಂಗವ್ವ ಎದ್ದೇ ನಿಂತಳು. “ಬಂದ್ರಲ್ಲೋ! ಹಡಗು ಕರಕೊಂಡು ಬಂತು!”

“ಅದು ಪುಸ್ತಕದಾಗ ಇಲ್ಲ ಬೇ. ಸಿನಿಮಾದವ್ರು ತಾವ ಕೂಡಸ್ಯಾರ.”

ಮುದುಕಿ ಸೆರಗು ಹೊದ್ದು ಮನೆಗೆ ನಡೆದಳು. ಆಮೇಲೆ ಕಥೆ ಕೇಳಲಿಲ್ಲ, ಈರಣ್ಣನ ಹೆಸರನ್ನೂ ಎತ್ತಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ತೀರಿಕೊಂಡಳು. ಮಾಸ್ತರರು ಹೇಳಿದ್ದು ಸರಿ ಎಂದೇ ಅಂದು ನನಗೂ ಅನಿಸಿತ್ತು. ಅದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಅವರಿಗೆ ಕಲಘಟಗಿಗೆ ವರ್ಗವಾಯಿತು. ಕಡೆಯ ಸಲ ಸಿಕ್ಕಿದ್ದು ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ. ನಮಸ್ಕಾರವನ್ನೂ ಹೇಳದೆ, ಬಗಲಲ್ಲಿದ್ದ ಪುಸ್ತಕವನ್ನು ನನ್ನ ಕೈಗಿಟ್ಟರು.

“ಧಾರವಾಡದಾಗ ಸಿಕ್ತ್ರಿ. ಅದ ಕಾದಂಬರಿದು ಎರಡನೇ ಭಾಗ. ಹಿಂಗೊಂದು ಐತಿ ಅನ್ನೂದ ನನಗ ಗೊತ್ತಿರಲಿಲ್ಲ.”

ಕೊನೆಯ ಪುಟಗಳಲ್ಲಿ ಗುರುತಿಗೆ ಹುಲ್ಲುಕಡ್ಡಿ ಇತ್ತು.

“ಸಮುದ್ರಕ್ಕ ಬಿದ್ರು, ಪಾಟೀಲ್ರ. ಹಡಗು ಹೋಗಿ ಕರಕೊಂಡು ಬಂತು. ಅವ್ವ ನೋಡಿದ್ದು ಖರೇ ಇತ್ತು.”

ಬಸ್ಸು ಬಂತು, ಹತ್ತಿದರು. ಪುಸ್ತಕ ಮರೆತರೆಂದು ನಾನು ಕೂಗಿದೆ. ಕಿಟಕಿಯಿಂದ ಕೈಯಾಡಿಸಿ ಬೇಡವೆಂದರು. ಅವರ ಬಗಲು ಖಾಲಿ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.