ಅಳತೆ ಪೆಟ್ಟಿಗೆಯ ಅಂಚು

ಬೆಳಿಗ್ಗೆ ಹಳೆಯ ಟ್ರಂಕಿನ ತಳದಲ್ಲಿ ಒಂದು ಮೊಳದ ಮರದ ಪಟ್ಟಿ ಸಿಕ್ಕಿತು. ಮೂಗಿಗೆ ಹಿಡಿದರೆ ಈಗಲೂ ಕಾಫಿ ಹಣ್ಣಿನ ವಾಸನೆ... ಅಥವಾ ನನ್ನ ಭ್ರಮೆಯೋ ಏನೋ. ಅದನ್ನು ನನಗೆ ಕೊಟ್ಟು ಹೋದವರು ಸಿದ್ದಾಪುರದ ಹತ್ತಿರದ ಎಸ್ಟೇಟಿನಲ್ಲಿ ನನ್ನ ಜೊತೆ ಲೆಕ್ಕ ಬರೆಯುವ ರೈಟರಾಗಿದ್ದರು. ಇಬ್ಬರಿಗೂ ಒಂದೇ ಕೋಣೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸೋಮವಾರಪೇಟೆ ಕಡೆಯ ಅವರು ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿದ್ದರು. ಕಾಲೇಜಿನಲ್ಲಿ ಕೆಲಸ ಸಿಗದೆ ಕಾಫಿ ಅಳೆಯಲು ಬಂದರು. ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು. ಮಾತಿಗೆ ಅವರಿಗೆ ಇದ್ದವನು ನಾನೊಬ್ಬನೇ. ಅವರು ‘ನ್ಯಾಯ ಅಂದರೇನು’ ಎಂದು ಶುರುಮಾಡಿದರೆ ನಾನು ಆಕಳಿಸುತ್ತಿದ್ದೆ.

ಪಿಕಿಂಗ್ ಕಾಲದಲ್ಲಿ ಹೆಂಗಸರು ಕಿತ್ತು ತಂದ ಹಣ್ಣನ್ನು ಸಂಜೆ ಅಳತೆ ಪೆಟ್ಟಿಗೆಗೆ ಸುರಿಯಬೇಕಿತ್ತು. ಅಂಚಿನವರೆಗೆ ಬಂದರೆ ಸಾಲದು, ಅಂಚು ದಾಟಿ ಗೋಪುರದಂತೆ ಏರಬೇಕು. ಆಗಷ್ಟೇ ಅದು ಒಂದು ಪೆಟ್ಟಿಗೆ, ಆಗಷ್ಟೇ ಒಂದು ಪೆಟ್ಟಿಗೆಯ ಕೂಲಿ. ಯಾರೂ ಏಕೆ ಎಂದು ಕೇಳಿದ್ದಿಲ್ಲ. ಒಂದು ಸಂಜೆ ಬಸುರಿ ಹೆಂಗಸೊಬ್ಬಳ ಹಣ್ಣು ಅಂಚಿಗೆ ಬಂದು ನಿಂತಿತು. ಮೇಸ್ತ್ರಿ ಗದರಿದ. ಇವರು ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎಲ್ಲರೆದುರೇ ಕೇಳಿದರು:

“ಅಲ್ಲ ಮೇಸ್ತ್ರಿ, ತುಂಬೋದು ಅಂದ್ರೆ ಎಲ್ಲೀಗಂಟ?”

“ಅದೆಲ್ಲ ನಂಗೊತ್ತಿಲ್ಲ ಸಾರ್, ಇಲ್ಲಿ ಮುಂಚಿಂದ ಹಿಂಗೇ.”

ಮರುದಿನ ಅವರು ಈ ಪಟ್ಟಿ ತಂದರು. ಪೆಟ್ಟಿಗೆಯ ಮೇಲೆ ಎಳೆದು, ಉದುರಿದ ಹಣ್ಣನ್ನು ಆಯಾ ಹೆಂಗಸಿನ ಚೀಲಕ್ಕೇ ಹಾಕಿ, “ತುಂಬ್ತೇನಮ್ಮ?” ಎಂದು ಒಬ್ಬೊಬ್ಬರನ್ನೂ ಕೇಳಿದರು. ಮೊದಲು ನಾಚಿದವರು ನಾಲ್ಕೇ ದಿನದಲ್ಲಿ “ತುಂಬ್ತು ಸಾರ್” ಎಂದು ಗಟ್ಟಿಯಾಗಿ ಹೇಳತೊಡಗಿದರು. ನನಗಂತೂ ಒಳಗೊಳಗೇ ಖುಷಿಯಾಗಿತ್ತು.

ಮ್ಯಾನೇಜರು ನಮ್ಮಿಬ್ಬರನ್ನೂ ಕರೆಸಿದರು. ಪೆಟ್ಟಿಗೆಗೆ ಅಂಚು ಇರುವುದೇ ಅಳತೆಗಾಗಿ ಎಂದು ಇವರು ತಣ್ಣಗೆ ಹೇಳಿದರು. ಮ್ಯಾನೇಜರು ನನ್ನ ಕಡೆ ತಿರುಗಿದರು.

“ನೀನೇನು ಹೇಳ್ತೀ? ಇಬ್ರು ರೈಟರೂ ಒಂದೇ ಮಾತು ಹೇಳಿದ್ರೆ ತೋಟದ ದೊರೆ ಹತ್ರ ನಾನು ಮಾತಾಡಿ ನೋಡ್ತೇನೆ.”

ನಾನು ನೆಲ ನೋಡಿದೆ. “ಮುಂಚಿಂದ ಬಂದದ್ದೇ ಸರಿ ಸಾರ್” ಅಂದೆ. ಕೆಲಸ ಹೋಗುತ್ತದೆಂಬ ಭಯ, ಇನ್ನೇನಿಲ್ಲ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅವರ ಕೆಲಸ ಅಂದೇ ಹೋಯಿತು. ನನ್ನನ್ನು ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ವಿರಾಜಪೇಟೆ ಬಸ್ಸು ಹತ್ತುವಾಗ ಪಟ್ಟಿಯನ್ನು ನನ್ನ ಕೈಗಿಟ್ಟು, “ನಿಂಗೆ ಬೇಕಾಗ್ಬೋದು ಕಣಯ್ಯ” ಎಂದರು. ಕೇರಳದ ಕಡೆ ಹೋದರೆಂದು ಯಾರೋ ಅಂದರು... ಆಮೇಲೆ ಸುದ್ದಿಯಿಲ್ಲ.

ಆ ಸಂಜೆ ಅಳತೆಗೆ ನಾನು ನಿಂತೆ. ಅದೇ ಬಸುರಿ ಹೆಂಗಸು ಹಣ್ಣು ಸುರಿದು, ಅಂಚಿಗೆ ಬಂದಾಗ ನನ್ನ ಮುಖ ನೋಡಿದಳು. ನಾನು ಏನೂ ಕೇಳಲಿಲ್ಲ. ಅವಳೇ ಇನ್ನೆರಡು ಬೊಗಸೆ ಏರಿಸಿದಳು. ಕೋಣೆಗೆ ಬಂದರೆ ಪಕ್ಕದ ಮಂಚ ಖಾಲಿ. ಆಕಳಿಸಲೂ ಕಾರಣವಿರಲಿಲ್ಲ.

ಈಗ ಅಮ್ಮತ್ತಿಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಇವತ್ತು ಪಾವಿಗೆ ಅಕ್ಕಿ ತುಂಬಿ ಆ ಪಟ್ಟಿ ಎಳೆದೆ. “ತುಂಬ್ತೇನಮ್ಮ?” ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟೆ. ಆ ಸಂಜೆ ಕೇಳಿದ್ದರೆ ಉತ್ತರ ಕೊಡಲು ಅವಳಿದ್ದಳು.