ಪಕ್ಕದ ತರಗತಿಯ ನಗು

ಚಿಲೋಯೆ ದ್ವೀಪದಲ್ಲಿ ನಾನೂ ಪಾಠ ಮಾಡುವ ಶಾಲೆಯಲ್ಲಿ ನಾಲ್ಕನೆಯ ತರಗತಿಗೂ ಐದನೆಯ ತರಗತಿಗೂ ನಡುವೆ ಇದ್ದದ್ದು ಒಂದೇ ಹಲಗೆಗೋಡೆ. ಈ ಕಡೆ ಎದೆಲ್ಮಿರಾ ಬಾರ್ರಿಯಾ ಪಾಠ ಮಾಡುತ್ತಿದ್ದರು. ಆ ಕಡೆ, ಮಾರ್ಚಿನಲ್ಲಿ ಶಾಲೆ ಶುರುವಾದಾಗಿನಿಂದ, ಅವರ ಮಗಳು ಯಾಸ್ನಾ.

ಎದೆಲ್ಮಿರಾ ಅವರದು ಹಳೆಯ ಪದ್ಧತಿ: ಉಕ್ತಲೇಖನ, ಮಗ್ಗಿ, ದುಂಡಗಿನ ಕೈಬರಹ. ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದವರು ಅವರೇ. ಮಗಳಿಗೆ ತಮ್ಮ ಶಾಲೆಯಲ್ಲೇ ಕೆಲಸ ಸಿಕ್ಕಾಗ ಬೀದಿಗೆಲ್ಲ ಸೇಬಿನ ಕೇಕು ಹಂಚಿದ್ದರು.

ಆ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಯಾಸ್ನಾ ಮಕ್ಕಳಿಗೆ, ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಮಾತಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ ಎನ್ನುತ್ತಿದ್ದಳು. ಮರುದಿನ ಅದನ್ನು ಕೇಳಿಸಿಕೊಂಡು ಬರೆಯುವುದು, ಬರೆದದ್ದರಲ್ಲಿ ತಾವೇ ತಪ್ಪು ಹುಡುಕುವುದು. ಒಬ್ಬನ ಅಜ್ಜ ಮಂಜಿನಲ್ಲಿ ದಾರಿ ತಪ್ಪಿ ಬೇರೆಯವರ ದೋಣಿ ಹತ್ತಿದ ಕಥೆ, ಇನ್ನೊಬ್ಬಳ ಅಜ್ಜಿ ಮಾತಿನ ಮಧ್ಯೆ ಗಂಡನನ್ನು ಬೈದದ್ದು, ಕೇಳಿ ತರಗತಿಯೆಲ್ಲ ನಗು. ಆ ನಗು ಹಲಗೆಯ ಸಂದಿಯಿಂದ ತೂರಿ ಬಂದಾಗ ಎದೆಲ್ಮಿರಾ ಹೇಳಿ ಬರೆಸುತ್ತಿದ್ದ ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು. ಮಕ್ಕಳ ಕಿವಿಯೆಲ್ಲ ಅತ್ತ. ಅದಕ್ಕಿಂತ ಅವರ ಹೊಟ್ಟೆ ಉರಿಸಿದ್ದು ಇನ್ನೊಂದು. ಮಕ್ಕಳು ಇವರನ್ನು ‘ಟೀಚರ್’ ಎನ್ನುತ್ತಿದ್ದರು, ಮಗಳನ್ನು ಮಾತ್ರ, ಇಲ್ಲಿ ಮೆಚ್ಚಿನ ಟೀಚರನ್ನು ಕರೆಯುವ ಹಾಗೆ, ಸಲಿಗೆಯಿಂದ ‘ಅತ್ತೆ’ ಎನ್ನುತ್ತಿದ್ದರು.

ಒಂದು ದಿನ ಎದೆಲ್ಮಿರಾ ಹೆಡ್‌ಮಾಸ್ಟರ ಬಳಿ ಹೋಗಿ, ಐದನೆಯ ತರಗತಿಯಲ್ಲಿ ಫೋನಿನ ಆಟವೇ ಪಾಠವಾಗಿದೆ, ನಾಳೆ ಹೆತ್ತವರು ಬಂದು ಕೇಳಿದರೆ ನನ್ನನ್ನು ದೂರಬೇಡಿ ಎಂದರು. ಶಾಲೆಯಲ್ಲಿ ಫೋನು ಬಂದ್ ಆಯಿತು.

ಯಾರೋ ದೂರು ಕೊಟ್ಟಿದ್ದಾರಂತೆ ಎಂದು ಯಾಸ್ನಾ ಅಂದು ಊಟಕ್ಕೆ ಕೂತಾಗ ಹೇಳಿದಳು. ಎದೆಲ್ಮಿರಾ ಆಲೂಗಡ್ಡೆ ರೊಟ್ಟಿಯ ತಟ್ಟೆಯನ್ನು ಅವಳ ಮುಂದೆ ಸರಿಸಿ, ಈ ಊರಲ್ಲಿ ಕೆಲಸವಿಲ್ಲದವರು ಬಹಳ ಎಂದರು.

ಮುಂದಿನ ವಾರ ಯಾಸ್ನಾ ಅಜ್ಜ ಅಜ್ಜಿಯರನ್ನೇ ತರಗತಿಗೆ ಕರೆಸಿದಳು. ನಗು ಇಮ್ಮಡಿಯಾಯಿತು. ಎದೆಲ್ಮಿರಾ ಅವರಿಗೆ ತಡೆಯಲಾಗಲಿಲ್ಲ.

“ಏನೇ ಅದು, ಶಾಲೇನೋ ಸಂತೇನೋ?” ಎಂದರು ಮನೆಗೆ ಬಂದವರೇ. “ನಿಂಗೆ ಪಾಠ ಬೇಕಿಲ್ಲ. ಮಕ್ಕಳು ನಿನ್ನ ಹಿಂದೆ ಸುತ್ತಬೇಕು, ಅಷ್ಟೇ.”

ಯಾಸ್ನಾ ಬೂಟು ಬಿಚ್ಚುತ್ತಿದ್ದಳು. “ಹೆಡ್‌ಮಾಸ್ಟರಿಗೆ ಹೇಳಿದ್ದು ನೀನೇ ಅಂತ ಗೊತ್ತಮ್ಮ.”

“ಗೊತ್ತಿದ್ದೂ ಸುಮ್ನಿದ್ಯಾ?”

“ಏನಂತ ಕೇಳ್ಲಿ? ನಾನೂ ನಿನ್ನ ಕ್ಲಾಸಲ್ಲಿ ಕೂತೋಳೇ. ಮನೇಲೂ ಬಾಯ್ತಪ್ಪಿ ನಿನ್ನ ಟೀಚರ್ ಅಂದ್ಬಿಡ್ತಿದ್ದೆ. ಪ್ರತಿಯೊಂದೂ ತಿದ್ದೋಳು, ಅದನ್ನ ಮಾತ್ರ ತಿದ್ಲಿಲ್ಲ ನೀನು.”

ಎದೆಲ್ಮಿರಾ ಒಲೆಗೆ ಸೌದೆ ತುರುಕುತ್ತ ಕೂತರು.

ಮರುದಿನ ದೂರನ್ನು ವಾಪಸು ತೆಗೆದುಕೊಂಡರು. ಆಮೇಲೆ ತಮ್ಮ ತರಗತಿಗೆ ಬಂದು, ಯಾರ ಮನೆಯಲ್ಲಿ ದೋಣಿ ಇದೆಯೋ ಅವರು ಅದರ ಬಗ್ಗೆ ಹೇಳಿ ಎಂದರು. ರಾಯೆನ್ ಎಂಬ ಹುಡುಗಿ ಎದ್ದಳು. ಎರಡನೆಯ ಮಾತಿಗೇ ಎದೆಲ್ಮಿರಾ ವ್ಯಾಕರಣ ತಿದ್ದಿದರು. ಅವಳು ಕೂತುಬಿಟ್ಟಳು, ಮತ್ತೆ ಯಾರೂ ಏಳಲಿಲ್ಲ. ಮೊದಲು ಕೇಳಿಸಿಕೊಂಡು ಆಮೇಲೆ ತಿದ್ದುವುದು ರೂಢಿಯಾಗಲು ಆ ಚಳಿಗಾಲವೆಲ್ಲ ಹಿಡಿಯಿತು. ಮಗಳನ್ನು ಕೇಳಿಯೇ ಕಲಿತರು, ಆದರೆ ಕೇಳುವಾಗ ಮುಖ ಕಿಟಕಿಯ ಕಡೆಗೆ ಇರುತ್ತಿತ್ತು.

ಈಗ ಅವರ ತರಗತಿಯಲ್ಲೂ ಗದ್ದಲವಿದೆ. ಹೊಟ್ಟೆಕಿಚ್ಚು ಹೋಯಿತೆಂದು ನಾನು ಹೇಳಲಾರೆ. ಹೋದ ತಿಂಗಳು ಯಾಸ್ನಾ ಜ್ವರದಲ್ಲಿದ್ದಾಗ ಅವಳ ತರಗತಿಯ ಮಕ್ಕಳು ಹೂವು ಹಿಡಿದು ಮನೆಗೆ ಬಂದಿದ್ದರು. ಎದೆಲ್ಮಿರಾ ಬಾಗಿಲಲ್ಲೇ ನಿಂತು, ಅವಳು ನಿದ್ದೆ ಮಾಡುತ್ತಿದ್ದಾಳೆ ಎಂದು ಕಳಿಸಿಬಿಟ್ಟರು. ಒಳಗೆ ಯಾಸ್ನಾ ಎದ್ದೇ ಇದ್ದಳು. ಇದನ್ನು ನನಗೆ ಹೇಳಿದವಳೂ ಅವಳೇ. ಮಕ್ಕಳು ಬೇಲಿ ದಾಟಿ ತಿರುವಿಗೆ ಹೋಗುವಷ್ಟರಲ್ಲಿ ಅಮ್ಮ ಮಳೆಯಲ್ಲೇ ಹೊರಗೆ ಓಡಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿ ಕರೆದು, ಒಲೆಯ ಮುಂದೆ ಕೂರಿಸಿ, ಹಾಲು ಕಾಯಿಸಲು ಹೋದರಂತೆ.